ಹಾಲಪ್ಪನ ಕೊಟ್ಟಿಗೆಯ ಪರದೆ

ಕೆಲವರದು ಹುಟ್ಟಾ ನಗುಮುಖ, ಕೆಲವರದು ಸಿಡುಕುಮುಖ. ನನ್ನದು ಬೆಚ್ಚಿಬಿದ್ದ ಮುಖ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಆಧಾರ್ ಕಾರ್ಡಿನಲ್ಲಿ ನನ್ನನ್ನು ನೋಡಿದವರು "ಯಾಕ್ರೀ, ಅವತ್ತು ಕರೆಂಟ್ ಹೊಡೆದಿತ್ತೇನು?" ಎಂದು ಕೇಳುತ್ತಾರೆ. ಮದುವೆಯ ಆಲ್ಬಮ್ಮಿನಲ್ಲಿ ತಾಳಿ ಕಟ್ಟುತ್ತಿರುವ ಫೋಟೋ ನೋಡಿ ನನ್ನ ಸೋದರತ್ತೆ, "ಹುಡುಗನ್ನ ಯಾರೋ ಸಂತ್ಯಾಗಿಂದ ಹಿಡ್ಕಂಬಂದು ಕುಂದ್ರಿಸಿದಂಗೈತೆ" ಎಂದಿದ್ದಳು. ಕುಕ್ಕರ್ ಸೀಟಿ ಹೊಡೆದರೂ ಸಾಕು, ಬಾಗಿಲ ಬೆಲ್ಲು ಬಾರಿಸಿದರೂ ಸಾಕು, ನನ್ನ ಹುಬ್ಬು ಹಣೆಯ ಮೇಲಕ್ಕೆ ಹೋಗಿ ಕೂರುತ್ತದೆ. ಆದರೆ ಇವೆಲ್ಲ ಚಿಲ್ಲರೆ ಬೆಚ್ಚುವಿಕೆಗಳು. ನಾನು ನಿಜವಾಗಿ ಬೆಚ್ಚಿಬಿದ್ದದ್ದು ಜೀವನದಲ್ಲಿ ಒಂದೇ ಸಲ. ದುರದೃಷ್ಟಕ್ಕೆ ಆಗಲೂ ಯಾರೋ ಫೋಟೋ ತೆಗೆದರು.

ನಾನು ದಾವಣಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಗುಮಾಸ್ತ. ಮನೆ ವಿನೋಬನಗರದಲ್ಲಿ. ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ನನಗೂ ನನ್ನ ಅಕ್ಕ ಗೌರಕ್ಕನಿಗೂ ಸೇರಿದ ಎರಡು ಎಕರೆ ಭತ್ತದ ಗದ್ದೆ ಇದೆ. ಕಾಲುವೆ ನೀರು, ಒಳ್ಳೆಯ ಮಣ್ಣು. ಅಕ್ಕ ಆ ಊರಲ್ಲೇ ಇದ್ದು ಉಳುವುದು, ನಾಟಿ ಹಾಕಿಸುವುದು, ಕಳೆ ತೆಗೆಸುವುದು, ಕಟಾವು ಮಾಡಿಸುವುದು ಎಲ್ಲ ನೋಡಿಕೊಳ್ಳುತ್ತಾಳೆ. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಅಂದರೆ ಭಾನುವಾರ ಹೋಗಿ ಬದುವಿನ ಮೇಲೆ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಳ್ಳುತ್ತೇನೆ. ನಾನು ಗುಮಾಸ್ತನೆಂದು ಊರಿನವರಿಗೆ ಎಷ್ಟು ಸಲ ಹೇಳಿದರೂ ಕಾಲೇಜಿನಲ್ಲಿದ್ದಾನೆಂಬ ಕಾರಣಕ್ಕೆ ಮೇಷ್ಟ್ರೇ ಎಂದೇ ಕರೆಯುತ್ತಾರೆ. ಹಾಗೆ ಕರೆಸಿಕೊಂಡೂ ಕರೆಸಿಕೊಂಡೂ ನನಗೂ ಪಾಠ ಹೇಳುವ ಚಟ ಹತ್ತಿತು. ಕೆಟ್ಟದ್ದೆಲ್ಲ ಶುರುವಾದದ್ದು ಅಲ್ಲಿಂದ.

ಮೂರು ವರ್ಷದ ಕೆಳಗೆ ಹರಿಹರದಲ್ಲಿ ಒಂದು ತರಬೇತಿ ನಡೆಯಿತು. ಸಣ್ಣ ರೈತರು ಗುಂಪು ಕಟ್ಟಿಕೊಂಡು ಸಾವಯವ ಬೇಸಾಯಕ್ಕೆ ಇಳಿದರೆ ಸರ್ಕಾರದಿಂದ ಸಹಾಯಧನ ಉಂಟು ಎಂದರು. ಮಧ್ಯಾಹ್ನ ಊಟವೂ ಉಂಟು ಎಂದಿದ್ದರಿಂದ ನಾನು ಹೋಗಿದ್ದೆ. ಊಟ ಮುಗಿಸಿ ಹೊರಬರುವಷ್ಟರಲ್ಲಿ ನಾನು ಸಾವಯವ ರೈತನಾಗಿಬಿಟ್ಟಿದ್ದೆ. ಮಣ್ಣು ತಾಯಿ, ಎರೆಹುಳು ಅಣ್ಣ, ಯೂರಿಯಾ ಶತ್ರು. ಮನೆಗೆ ಬಂದು ಅಕ್ಕನಿಗೆ ಹೇಳಿದೆ: "ಇನ್ನು ಮ್ಯಾಲೆ ನಮ್ಮ ಗದ್ದಿಗೆ ಒಂದು ಕಾಳು ಯೂರಿಯಾ ಬೀಳಬಾರ್ದು." ಅಕ್ಕ ನನ್ನನ್ನೇ ನೋಡಿದಳು. "ಹಂಗಾರೆ ಏನ್ ಹಾಕೂದು?" ಎಂದಳು. "ಸಗಣಿ, ಗಂಜಲ, ಬೆಲ್ಲ, ಕಡ್ಲೆಹಿಟ್ಟು, ಎಲ್ಲಾ ಕಲಸಿ ಜೀವಾಮೃತ ಮಾಡಿ ಹಾಕೂದು" ಎಂದೆ. "ಹಬ್ಬಕ್ಕೆ ಹೋಳಿಗೆ ಮಾಡಾಕೆ ಬೆಲ್ಲ ತಂದ್ಕೊಡು ಅಂದ್ರೆ ಮರೆತು ಬರ್ತಿ, ಗದ್ದಿಗೆ ಪಾಯಸ ಮಾಡ್ತೀಯೇನು?" ಎಂದು ಎದ್ದು ಒಳಗೆ ಹೋದಳು.

ಜೀವಾಮೃತಕ್ಕೆ ನಾಟಿ ಹಸುವಿನ ಗಂಜಲವೇ ಶ್ರೇಷ್ಠ ಎಂದು ತರಬೇತಿಯಲ್ಲಿ ಹೇಳಿದ್ದರು. ಅಕ್ಕನ ಹತ್ತಿರ ಇದ್ದದ್ದು ಎರಡು ಎಮ್ಮೆ. ಆದರೆ ನೋಡಿ ವಿಚಿತ್ರ, ಹಳ್ಳಿಯಲ್ಲಿ ಸಿಗದ ನಾಟಿ ಹಸು ಪೇಟೆಯಲ್ಲಿ, ನಮ್ಮ ವಿನೋಬನಗರದ ಹಿಂದಿನ ಬೀದಿಯಲ್ಲಿ, ಹಾಲು ಮಾರುವ ಒಬ್ಬ ಹೆಂಗಸಿನ ಮನೆಯ ಮುಂದೆ ಕಟ್ಟಿತ್ತು. ಪ್ರತಿ ಶನಿವಾರ ಸಂಜೆ ನಾನು ಕ್ಯಾನು ಹಿಡಿದು ಆ ಹಸುವಿನ ಹಿಂದೆ ನಿಲ್ಲುತ್ತಿದ್ದೆ. ಹಸುವಿಗೆ ಸಂಕೋಚ, ನನಗೂ ಸಂಕೋಚ. ದಾರಿಯಲ್ಲಿ ಹೋಗುವ ವಿದ್ಯಾರ್ಥಿಗಳು "ನಮಸ್ಕಾರ ಸಾರ್" ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ಆ ಕ್ಯಾನನ್ನು ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೊರಟರೆ ದಾರಿಯ ಬಾತಿ ಊರು ದಾಟುವಷ್ಟರಲ್ಲಿ ಮುಚ್ಚಳ ಸಡಿಲವಾಗಿ ವಾಸನೆ ಮುಂದಿನ ಸೀಟಿನವರೆಗೆ ಹೋಗಿರುತ್ತಿತ್ತು. ಒಂದು ದಿನ ಕಂಡಕ್ಟರ್ ಬಂದು, "ಏನ್ರೀ ಇದು?" ಎಂದ. ಔಷಧಿ ಎಂದೆ. "ಔಷಧಕ್ಕೆ ಟಿಕೆಟ್ ಇಲ್ರಿ, ಆದ್ರೆ ಈ ವಾಸ್ನೆಗೆ ಐತೆ" ಎಂದು ಲಗೇಜ್ ಚೀಟಿ ಹರಿದುಕೊಟ್ಟ.

ಮೊದಲ ವರ್ಷ ನನ್ನ ಭತ್ತ ಅರಿಶಿಣ ಹಚ್ಚಿದ ಮದುಮಗಳಂತೆ ಹಳದಿಯಾಗಿ ನಿಂತಿತು. ಸುತ್ತಮುತ್ತ ಎಲ್ಲರ ಗದ್ದೆ ಕಡುಹಸಿರು, ನಡುವೆ ನಮ್ಮದೊಂದು ಕಾಮಾಲೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಏನೂ ಅನ್ನದೆ ಹೋಗುತ್ತಿದ್ದರು. ಅಂದಿದ್ದರೇ ವಾಸಿಯಿತ್ತು. ನಾನು ಬದುವಿನ ಮೇಲೆ ಕೂತು ಅತ್ತೆ ಎಂದರೆ ಉತ್ಪ್ರೇಕ್ಷೆಯಾದೀತು. ಕಣ್ಣಿಗೆ ಏನೋ ಬಿದ್ದಿತ್ತು, ಸ್ವಲ್ಪ ಹೆಚ್ಚು ಹೊತ್ತು ಬಿದ್ದಿತ್ತು. ಅಕ್ಕ ಬುತ್ತಿ ತಂದವಳು ದೂರದಲ್ಲೇ ನಿಂತು ನೋಡಿ, ಬುತ್ತಿ ಇಟ್ಟು ಹೋದಳು.

ಎರಡನೆಯ ವರ್ಷ ಪವಾಡವಾಯಿತು. ನಾಟಿಯಾಗಿ ತಿಂಗಳಾಗುವಷ್ಟರಲ್ಲಿ ನಮ್ಮ ಗದ್ದೆ ಹಸಿರು ತಿರುಗಿತು. ಎಂಥ ಹಸಿರು! ಪಕ್ಕದ ಗದ್ದೆಗಿಂತ ಒಂದು ಕೈ ಮೇಲೆ. ನಾನು ಅದೇ ಬದುವಿನ ಮೇಲೆ ನಿಂತು ಕಾಲೇಜಿನ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಫೋಟೋ ಕಳಿಸಿದೆ. ಸ್ಟಾಫ್ ರೂಮಿನಲ್ಲಿ ಉಪನ್ಯಾಸ ಕೊಟ್ಟೆ. "ಸೂಕ್ಷ್ಮಾಣು ಜೀವಿಗಳು, ಸಾರ್. ಒಂದು ವರ್ಷ ತಾಳ್ಮೆ ಬೇಕು ಅಷ್ಟೇ" ಎಂದೆ. ಸುಗ್ಗಿಯಾದ ಮೇಲೆ ಪ್ರಿನ್ಸಿಪಾಲರ ಮನೆಗೆ ವಿಷಮುಕ್ತ ಅಕ್ಕಿ ಎಂದು ಒಂದು ಚೀಲ ಕೊಂಡೊಯ್ದು ಇಳಿಸಿದೆ. ಅವರು ಚೀಲ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚೀಲ ನೋಡಿದರು. ಅದರ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ಯೂರಿಯಾ ಎಂದು ಅಚ್ಚಾಗಿತ್ತು. ಅಕ್ಕ ಅಕ್ಕಿ ತುಂಬಿ ಕಳಿಸಿದ್ದು ಅದರಲ್ಲಿ.

ಇಲ್ಲಿ ಯೂರಿಯಾ ಚೀಲದ ಬಗ್ಗೆ ಒಂದು ಮಾತು. ನಮ್ಮ ಕಡೆ ಅದನ್ನು ಯಾರೂ ಎಸೆಯುವುದಿಲ್ಲ. ಮಳೆ ಬಂದರೆ ಮಡಚಿ ತಲೆಗೆ ಹಾಕಿಕೊಳ್ಳುವ ಕೊಪ್ಪೆ ಅದೇ, ಬಾಗಿಲಲ್ಲಿ ಕಾಲೊರೆಸುವುದು ಅದೇ, ಬಚ್ಚಲಿಗೆ ಮರೆ ಅದೇ, ಸಂಡಿಗೆ ಒಣಗುವುದು ಅದರ ಮೇಲೆ, ಚಳಿಯಲ್ಲಿ ಎಮ್ಮೆಯ ಬೆನ್ನಿಗೆ ಹೊದಿಸುವುದೂ ಅದನ್ನೇ. ಬಂದ ನೆಂಟರಿಗೆ ಹಾಸಿ "ಕೂಡ್ರಿ" ಎನ್ನುವುದೂ ಅದರ ಮೇಲೆಯೇ. ಪ್ರಿನ್ಸಿಪಾಲರ ಮನೆಯ ಪ್ರಸಂಗದ ಮೇಲೆ ನನಗೆ ಆ ಚೀಲ ಕಂಡರೆ ಮೈ ಉರಿಯತೊಡಗಿತು.

ಅಷ್ಟರಲ್ಲಿ ನಮ್ಮ ಗುಂಪಾಗಿತ್ತು. ಹನ್ನೆರಡು ಮನೆ. ಫಾರಂ ತುಂಬಲು ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ನಾನು ಮುಖ್ಯಸ್ಥ. ಇದರಲ್ಲಿ ಒಂದು ಕಟ್ಟಳೆ ಇತ್ತು. ಸದಸ್ಯರು ಒಬ್ಬರ ಹೊಲ ಇನ್ನೊಬ್ಬರು ಹೋಗಿ ತಪಾಸಣೆ ಮಾಡಿ ಬರೆಯಬೇಕು. ಆಮೇಲೆ ಹರಿಹರದಿಂದ ಅಧಿಕಾರಿ ಬಂದು ನೋಡುತ್ತಾರೆ. ಆಗ ಒಬ್ಬರ ಗದ್ದೆಗೆ ಕದ್ದುಮುಚ್ಚಿ ಯೂರಿಯಾ ಹಾಕಿದ್ದು ಸಿಕ್ಕಿಬಿದ್ದರೂ ಹನ್ನೆರಡು ಮನೆಗೂ ಆ ವರ್ಷದ ಸಹಾಯಧನ ಇಲ್ಲ. ಈ ಒಬ್ಬರನ್ನೊಬ್ಬರು ತಪಾಸಣೆ ಮಾಡುವುದನ್ನು ಕಂಡುಹಿಡಿದವರು ಭಾನುವಳ್ಳಿಯನ್ನು ನೋಡಿದವರಲ್ಲ. ನಾಳೆ ನೀರು ಬಿಡುವಾಗ ಮುಖ ನೋಡಬೇಕಾದವನ ಬಗ್ಗೆ ಕಾಗದದ ಮೇಲೆ ಕೆಟ್ಟದ್ದು ಬರೆಯುವುದೆಂದರೆ ನಮ್ಮಲ್ಲಿ ಆಗದ ಮಾತು. ಎಲ್ಲ ಫಾರಮ್ಮುಗಳ ಎಲ್ಲ ಕಾಲಮ್ಮುಗಳಲ್ಲೂ "ಚಲೋ ಐತೆ" ಎಂದು ಬರೆದಿತ್ತು. "ವಿಸ್ತೀರ್ಣ ಎಷ್ಟು?" ಎಂಬುದರ ಮುಂದೆಯೂ ಚಲೋ ಐತೆ.

ಕೆಟ್ಟದ್ದು ಬರೆದ ಪಾಪಿ ನಾನೊಬ್ಬನೇ. ನನ್ನ ಪಾಲಿಗೆ ಬಂದದ್ದು ಪಕ್ಕದ ಗದ್ದೆಯ ಹಾಲಪ್ಪ. ಮಾತು ಕಡಿಮೆ, ಒಂದು ಎಕರೆ, ಮೂರು ಎಮ್ಮೆ. ಅವನ ಗದ್ದೆ ಅಷ್ಟೇನೂ ಹಸಿರಿರಲಿಲ್ಲ. ಅವನ ಕೊಟ್ಟಿಗೆಯ ಬಾಗಿಲಲ್ಲಿ ಗಾಳಿ ಮಳೆಗೆ ಅಡ್ಡವಾಗಿ ನಾಲ್ಕು ಯೂರಿಯಾ ಚೀಲ ಬಿಚ್ಚಿ ಹೊಲಿದ ಪರದೆ ತೂಗುತ್ತಿತ್ತು.

"ಏನಿದು ಹಾಲಪ್ಪ?" ಎಂದೆ, ಕಳ್ಳನನ್ನು ಹಿಡಿದ ಗತ್ತಿನಲ್ಲಿ.

"ಪರದೆ ರೀ ಮೇಷ್ಟ್ರೇ."

"ಚೀಲ ಎಲ್ಲಿಂದ ಬಂತು?"

"ಹಳೇವು ರೀ. ಈ ಗುಂಪು ಆಗೋಕಿಂತ ಮುಂಚಿನವು. ಮಳಿ ಎರಚಲು ಎಮ್ಮಿಗೆ ಹೊಡೀತೈತೆ ಅಂತ ಕಟ್ಟೀನಿ."

"ಅಧಿಕಾರಿಗಳು ಬಂದ್ರೆ ಏನಂತ ತಿಳ್ಕೊಳ್ತಾರೆ? ತಗದು ಹಾಕು" ಎಂದು, ನಿಷೇಧಿತ ವಸ್ತುವಿನ ಕಾಲಮ್ಮಿನಲ್ಲಿ "ಯೂರಿಯಾ ಚೀಲ ಕಂಡುಬಂದಿದೆ, ಎಚ್ಚರಿಕೆ ನೀಡಲಾಗಿದೆ" ಎಂದು ಬರೆದು ಅಡಿಗೆರೆ ಎಳೆದೆ. ಹಾಲಪ್ಪ ಏನೋ ಹೇಳಲು ಬಾಯಿ ತೆರೆದು, "ಇರ್ಲಿ ಬಿಡ್ರಿ, ಬರ್ಕಳ್ರಿ" ಎಂದಷ್ಟೇ ಹೇಳಿ ಪರದೆ ಬಿಚ್ಚತೊಡಗಿದ.

ಮೂರನೆಯ ವರ್ಷ ಅಧಿಕಾರಿ ಮೇಡಂ ಬರುವ ದಿನ ಗೊತ್ತಾಯಿತು. ಹಿಂದಿನ ದಿನ ಅಕ್ಕನಿಗೆ ಫೋನು ಮಾಡಿ ಕಟ್ಟುನಿಟ್ಟಾಗಿ ಹೇಳಿದೆ: "ಅಕ್ಕಾ, ಮನ್ಯಾಗೆ ಒಂದೇ ಒಂದು ಯೂರಿಯಾ ಚೀಲ ಕಾಣಬಾರ್ದು. ಎಲ್ಲಾ ತಗದು ಸುಟ್ಟುಬಿಡು." ಅಕ್ಕ, "ಎಲ್ಲಾನೂ?" ಎಂದಳು. "ಎಲ್ಲಾನೂ" ಎಂದೆ. "ಆತು ಬಿಡು" ಎಂದಳು.

ಬೆಳಿಗ್ಗೆ ಕ್ಯಾನಿನ ಸಮೇತ ಹೋಗಿ ನೋಡಿದರೆ ಮನೆ ದರೋಡೆಯಾದಂತಿತ್ತು. ಕಾಲೊರೆಸು ಇಲ್ಲ, ಬಚ್ಚಲಿಗೆ ಮರೆಯಿಲ್ಲ, ಎಮ್ಮೆಗೆ ಹೊದಿಕೆಯಿಲ್ಲ. ಅಕ್ಕನ ನಿಷ್ಠೆ ನೋಡಿ ನನಗೆ ಕಣ್ಣು ತುಂಬಿತು. ಜೀವಾಮೃತ ಕಲಸೋಣ ಎಂದು ಹಿತ್ತಲಿಗೆ ಹೊರಟರೆ ಅಕ್ಕ ಅಡ್ಡ ಬಂದು, "ಡ್ರಮ್ ತುಂಬೈತೆ, ನೀನು ಅದರ ಸುದ್ದಿಗೆ ಹೋಗಬ್ಯಾಡ. ಮೊದ್ಲು ತಿಂಡಿ ತಿನ್ನು" ಎಂದಳು. ಯೋಜನೆಯಲ್ಲಿ ಆ ವಾರವಷ್ಟೇ ಬಂದ ಇನ್ನೂರು ಲೀಟರಿನ ನೀಲಿ ಡ್ರಮ್ಮು ಅದು. ನಾನು ಬರುವ ಮೊದಲೇ ಕಲಸಿಟ್ಟಿದ್ದಾಳೆ! ಬೆಲ್ಲ ಎಂದು ಹಂಗಿಸಿದವಳು ಈಗ ತಾನೇ ಕಲಸುವಷ್ಟು ಬದಲಾಗಿದ್ದಾಳೆ! ಆ ಸಂತೋಷಕ್ಕೆ ಮಂಡಕ್ಕಿ ಒಗ್ಗರಣೆ ಇನ್ನೊಂದು ತಟ್ಟೆ ತಿಂದೆ.

ಮೇಡಂ ಚಿಕ್ಕ ವಯಸ್ಸಿನವರು, ಬೆಂಗಳೂರು ಕಡೆಯ ಮಾತು, ಕೈಯಲ್ಲಿ ಮೊಬೈಲು. ಗದ್ದೆ ನೋಡಿ, "ಎಷ್ಟು ಚೆನ್ನಾಗಿದೆ ಸರ್, ಸಾವಯವದಲ್ಲಿ ಈ ಬಣ್ಣ ನಾನು ನೋಡೇ ಇಲ್ಲ" ಎಂದರು. ನಾನು ತಾಳ್ಮೆ, ಸೂಕ್ಷ್ಮಾಣು ಎಂದು ಶುರುಮಾಡಿದೆ. ಹಿಂದೆ ಬರುತ್ತಿದ್ದ ಹಾಲಪ್ಪನಿಗೆ ಯಾಕೋ ಕೆಮ್ಮು ಬಂತು. ಆಮೇಲೆ ಎಲ್ಲರೂ ನಮ್ಮ ಹಿತ್ತಲಿಗೆ ಬಂದೆವು. ರೈತ ಜೀವಾಮೃತ ಕಲಕುತ್ತಿರುವ ಫೋಟೋ ಆ್ಯಪಿಗೆ ಏರಿಸಬೇಕು, ಅದರಲ್ಲಿ ಅಕ್ಷಾಂಶ ರೇಖಾಂಶ ಎಲ್ಲ ತಾನಾಗಿಯೇ ದಾಖಲಾಗುತ್ತದೆ ಎಂದರು. ನನ್ನ ಕೈಗೆ ಒಂದು ಕೋಲು ಕೊಟ್ಟರು. "ಮುಚ್ಚಳ ತೆಗೆದು ಒಳಗೆ ನೋಡಿ ಸರ್. ನ್ಯಾಚುರಲ್ಲಾಗಿರಿ." ಅಡುಗೆಮನೆ ಬಾಗಿಲಲ್ಲಿ ಅಕ್ಕ, "ತಮ್ಮಾ, ಬ್ಯಾಡ..." ಎಂದದ್ದು ಕೇಳಿತು. ಫೋಟೋ ಎಂದರೆ ಅವಳಿಗೆ ನಾಚಿಕೆ ಎಂದುಕೊಂಡು ನಾನು ಮುಚ್ಚಳ ಎತ್ತಿದೆ.

ವಾಸನೆ ಬರಲಿಲ್ಲ. ನೊರೆ ಇರಲಿಲ್ಲ. ತಳದಿಂದ ಗೇಣೆತ್ತರ ಬೆಳ್ಳಗೆ, ಸಾಬುದಾನಿಯ ಹಾಗೆ ದುಂಡುದುಂಡಗೆ, ಒಣಒಣ ಮಿನುಗುತ್ತಿತ್ತು ಯೂರಿಯಾ. ಒಂದು ಪೂರ್ತಿ ಚೀಲದ್ದು.

ಕ್ಲಿಕ್ ಎಂದಿತು.

ಎರಡು ವರ್ಷದ ಉಪನ್ಯಾಸ, ಸೂಕ್ಷ್ಮಾಣು ಜೀವಿಗಳು, ಶನಿವಾರದ ಹಸು, ಬಾತಿಯ ಬಸ್ಸು, ಎಲ್ಲ ಒಟ್ಟಿಗೇ ಆ ಡ್ರಮ್ಮಿನ ತಳಕ್ಕೆ ಬಿದ್ದವು. ದಡಾರನೆ ಮುಚ್ಚಳ ಹಾಕಿದೆ. ಮೇಡಂ ಮೊಬೈಲು ನೋಡಿ, "ಸೂಪರ್ ಸರ್, ತುಂಬ ಜೀವಂತವಾಗಿ ಬಂದಿದೆ. ಒಳಗಡೆಯದೂ ಒಂದು ತೆಗೀತೀನಿ, ಮುಚ್ಚಳ ತೆಗೀರಿ" ಎಂದರು. ನನ್ನ ಕೈ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಉಳಿದ ಹನ್ನೊಂದು ಮನೆಯವರೂ ಹಿತ್ತಲಿನಲ್ಲಿ ನಿಂತಿದ್ದರು. ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಬಾಯಿ ತೆರೆದರೆ ಏನು ಬರುತ್ತದೋ ಎಂದು ನನಗೇ ಭಯವಾಗಿತ್ತು.

ಆಗ ಹಾಲಪ್ಪ ಮುಂದೆ ಬಂದ. "ಮೇಡಂರೇ, ಇವ್ರದ್ದು ಇನ್ನೂ ಎಳೇದೈತ್ರಿ, ನೊರಿ ಬಂದಿಲ್ಲ. ಒಳಗಿಂದು ನೋಡ್ಬೇಕಂದ್ರೆ ನಮ್ಮ ಕೊಟ್ಟಿಗ್ಯಾಗೆ ನೋಡ್ರಿ ಬರ್ರಿ. ನಾಕು ದಿನದ್ದು, ಮಸ್ತ್ ಕುದೀತೈತೆ" ಎಂದು ಅವರನ್ನು ಕರೆದುಕೊಂಡು ಹೊರಟೇಬಿಟ್ಟ. ಸ್ವಲ್ಪ ಹೊತ್ತಿಗೆ ಅವನ ಕೊಟ್ಟಿಗೆಯಿಂದ ಮೇಡಂ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಬಹಳ ಪ್ರಭಾವಿತರಾಗಿ ಹೊರಬಂದದ್ದು ಕಂಡಿತು. ಊರಿನ ನಿಜವಾದ ಜೀವಾಮೃತ ಅಲ್ಲಿತ್ತು. ಪರದೆ ಇಲ್ಲದ ಆ ಬಾಗಿಲನ್ನು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಎಲ್ಲರೂ ಹೋದ ಮೇಲೆ ಅಕ್ಕನನ್ನು ಕೇಳಿದೆ. ಕೇಳಿದೆ ಎಂದರೆ ಕೂಗಾಡಿದೆ.

"ಯಾಕ ಕೂಗ್ತಿ? ಚೀಲ ಇರಬಾರ್ದು ಅಂದಿ. ಚೀಲ ಸುಟ್ಟೆ. ಒಳಗಿಂದು ಎಲ್ಲಿ ಸುರುವ್ಲಿ? ಹೊಸಾ ಡ್ರಮ್ಮು, ಒಣಗಿತ್ತು, ಮುಚ್ಚಳಾನೂ ಇತ್ತು. ಸುರುವಿದೆ" ಎಂದಳು.

"ಅಲ್ಲ ಅಕ್ಕಾ, ಯೂರಿಯಾ ಹಾಕಬಾರ್ದು ಅಂತ ಮೂರು ವರ್ಷದಿಂದ ಬಡ್ಕೊಳ್ತಿದೀನಿ! ಹಾಕದೇ ಇರೋದಕ್ಕೆ ಸರ್ಕಾರ ಸಹಾಯಧನ ಕೊಡ್ತೈತೆ!"

"ಯೂರಿಯಾ ಚೀಲಕ್ಕೂ ಸರ್ಕಾರನೇ ಕೊಡ್ತೈತೆ. ಅದಕ್ಕೇ ಅಷ್ಟು ಅಗ್ಗ. ಎರಡೂ ಅವ್ರದೇ ಅಲ್ಲೇನು? ನಾನು ಭೇದ ಮಾಡ್ಲಿಲ್ಲ."

ಆಮೇಲೆ ಅಕ್ಕ ಒಲೆಯ ಕಡೆ ತಿರುಗಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು: "ಮೊದ್ಲ ವರ್ಷ ನೀನು ಬದುವಿನ ಮ್ಯಾಲೆ ಕುಂತು ಅಳಾಕಹತ್ತಿದ್ದಿ. ನಿನ್ನನ್ನ ಎತ್ತಿ ಬೆಳೆಸೀನಪ್ಪಾ, ನನ್ ಕೈಲಿ ನೋಡಾಕ ಆಗ್ಲಿಲ್ಲ. ಮುಂದಿನ ವರ್ಷದಿಂದ ನೀನು ಸೋಮವಾರ ದಾವಣಗೆರಿಗೆ ಹೋದ ಮ್ಯಾಲೆ ಎರಡೆರಡು ಮುಷ್ಟಿ ಎರಚ್ತಿದ್ದೆ. ಹಾಲಪ್ಪನೇ ಹರಿಹರದಿಂದ ಬೈಕಿನ ಮ್ಯಾಲೆ ಹೇರ್ಕಂಬಂದು ಕೊಡ್ತಿದ್ದ, ಪಾಪ. ನಿನಗೆ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ದೆ."

ಹಾಲಪ್ಪ! ಖಾಲಿ ಚೀಲಕ್ಕೆ ನಾನು ಎಚ್ಚರಿಕೆ ಕೊಟ್ಟ ದಿನ ಅವನು ಬಾಯಿ ತೆರೆದು ಮುಚ್ಚಿದ್ದು ಇದಕ್ಕೆ. ಆಮೇಲೆ ವಿಚಾರಿಸಿದರೆ ಇಡೀ ಊರಿಗೇ ಗೊತ್ತಿತ್ತು. ದಾವಣಗೆರೆಗೆ ಬಂದು ಹೆಂಡತಿ ಸುಮಾಳಿಗೆ ಹೇಳಿದರೆ ಅವಳು ಸೊಪ್ಪು ಸೋಸುತ್ತ, "ನಿಮಗೆ ಗೊತ್ತಿರ್ಲಿಲ್ಲೇನ್ರಿ? ನೀವು ತಿಳ್ಕಂಡೇ ಸುಮ್ನಿದೀರಿ ಅಂತ ನಾನು ಮಾಡಿದ್ದೆ" ಎಂದಳು. ಗೊತ್ತಿಲ್ಲದೆ ಇದ್ದವರು ನಾವು ಇಬ್ಬರೇ, ನಾನು ಮತ್ತು ಹಸು.

ಆ ರಾತ್ರಿಯೇ ಪತ್ರ ಬರೆದೆ: ನನ್ನ ಗದ್ದೆಗೆ ಯೂರಿಯಾ ಬಿದ್ದಿದೆ, ಉಳಿದವರ ತಪ್ಪಿಲ್ಲ, ನನ್ನ ಹೆಸರು ತೆಗೆದುಹಾಕಿ. ಅಕ್ಕ ಎರಚಿದಳು ಎಂದು ಬರೆಯಲು ಮನಸ್ಸಾಗಲಿಲ್ಲ. ಬರೆಯುವುದು ಸುಲಭ, ಕೊಡುವುದು ಕಷ್ಟ. ಪತ್ರ ಜೇಬಿನಲ್ಲೇ ಮೂರು ವಾರ ಓಡಾಡಿತು. ಒಂದು ಸಲ ಅಂಗಿಯೊಡನೆ ಒಗೆತಕ್ಕೂ ಹೋಗಿ ಬಂತು, ಮತ್ತೆ ಬರೆದೆ. ಕೊನೆಗೆ ನನ್ನನ್ನು ಕಳಿಸಿದ್ದು ಹಾಲಪ್ಪನ ಎಮ್ಮೆ. ಮಳೆಯ ಎರಚಲು ಬಡಿದು ಅದಕ್ಕೆ ಜ್ವರ ಬಂದಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ನಾನು ರಜೆ ಹಾಕಿ ಹರಿಹರದ ಬಸ್ಸು ಹತ್ತಿದೆ.

ಕಚೇರಿಯ ಗೇಟಿನಲ್ಲೇ ಕಾಲು ನಿಂತಿತು. ಎದುರಿನ ಗೋಡೆಯ ಮೇಲೆ ಆಳೆತ್ತರದ ಫ್ಲೆಕ್ಸು. ಅದರಲ್ಲಿ ನಾನು. ಕೈಯಲ್ಲಿ ಕೋಲು, ಮುಂದೆ ನೀಲಿ ಡ್ರಮ್ಮು, ಹುಬ್ಬು ಹಣೆಯ ಮೇಲೆ, ಬಾಯಿ ತೆರೆದೇ ಇದೆ. ಕೆಳಗೆ ದೊಡ್ಡ ಅಕ್ಷರದಲ್ಲಿ: "ಸಾವಯವದ ಬೆರಗು ನೀವೂ ಕಾಣಿರಿ!" ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ರೈತರು ಫ್ಲೆಕ್ಸನ್ನೂ ನನ್ನನ್ನೂ ನೋಡಿ ಕೈಮುಗಿದರು.

ಮೇಡಂ ಪತ್ರ ಓದಿದರು. ಓದಿದ ಮೇಲೆ ಅವರ ಮುಖ ನನ್ನ ಮುಖದಂತಾಯಿತು. "ಡ್ರಮ್ಮಿನಲ್ಲಿ ಅವತ್ತು..." ಎಂದರು. ತಲೆಯಾಡಿಸಿದೆ. ಪತ್ರ ಮಡಚಿಟ್ಟು, "ನೀವಾಗೇ ಬಂದು ಹೇಳಿದ್ದರಿಂದ ಉಳೀತು ಸರ್. ನಾನು ಕಂಡುಹಿಡಿದಿದ್ದರೆ ಹನ್ನೆರಡೂ ಹೋಗುತ್ತಿತ್ತು. ಉಳಿದ ಹನ್ನೊಂದು ಹೊಲ ಮತ್ತೆ ನೋಡ್ತೀನಿ. ನೀವು ಮೊದಲನೇ ವರ್ಷದಿಂದ ಶುರು ಮಾಡಿ" ಎಂದರು. ಹೊರಗೆ ಬರುವಾಗ ಫ್ಲೆಕ್ಸು ತೆಗೆಸುವಂತೆ ಬೇಡಿಕೊಂಡೆ. ತೆಗೆಸುತ್ತೇವೆ ಎಂದರು.

ಹನ್ನೊಂದು ಮನೆಯೂ ಪಾಸಾದವು. ಹಾಲಪ್ಪ ಈಗ ಗುಂಪಿನ ಮುಖ್ಯಸ್ಥ. ಅಕ್ಕ ಯೂರಿಯಾ ಬಿಟ್ಟಿದ್ದಾಳೆ. "ಹಳದಿ ಆದ್ರೂ ಕೈ ಕಟ್ಕಂಡು ಕುಂದ್ರುತೀನಿ, ಆದ್ರೆ ನೀನು ಬದುವಿನ ಮ್ಯಾಲೆ ಕುಂದ್ರಬ್ಯಾಡ" ಎಂದು ಷರತ್ತು ಹಾಕಿದ್ದಾಳೆ. ಗದ್ದೆ ಹಳದಿಯಾಗಿದೆ. ನಾನು ನಿಂತೇ ಇರುತ್ತೇನೆ. ಗುಂಪಿನಲ್ಲಿ ನಾನಿಲ್ಲದಿದ್ದರೂ ಫಾರಂ ತುಂಬುವವರು ಬೇರೆ ಯಾರೂ ಇಲ್ಲದ್ದರಿಂದ ತಪಾಸಣೆಗೆ ಬರೆಯುವವನಾಗಿ ನನ್ನನ್ನೇ ಕರೆಯುತ್ತಾರೆ.

ಹೋದ ಭಾನುವಾರ ಹಾಲಪ್ಪನ ಮನೆಯ ಸರದಿ. ಕೊಟ್ಟಿಗೆಯ ಹತ್ತಿರ ಹೋದವನು ಮತ್ತೆ ಬೆಚ್ಚಿಬಿದ್ದೆ. ಬಾಗಿಲಿಗೆ ಅಡ್ಡವಾಗಿ, ಗಟ್ಟಿಯಾಗಿ, ಒಂದು ಹನಿ ನೀರೂ ಒಳಗೆ ಬರದ ಹಾಗೆ, ಕೋಲು ಹಿಡಿದು ಡ್ರಮ್ಮಿನೊಳಗೆ ನೋಡುತ್ತ ನಾನೇ ತೂಗುತ್ತಿದ್ದೆ.

"ಆಫೀಸಿನೋರು ತಗದು ಮೂಲ್ಯಾಗೆ ಹಾಕಿದ್ರು. ಕೇಳಿ ಇಸ್ಕಂಬಂದೆ. ಎಮ್ಮಿಗೆ ಈಗ ಬೆಚ್ಚಗೈತೆ" ಎಂದ ಹಾಲಪ್ಪ. ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಎಮ್ಮೆ ಬಂದು ನನ್ನ ಕೆನ್ನೆಯನ್ನು ಕೋಡಿನಿಂದ ಪಕ್ಕಕ್ಕೆ ಸರಿಸಿ ಒಳಗೆ ಹೋಯಿತು.

"ನಿಷೇಧಿತ ವಸ್ತು ಏನಾದ್ರೂ ಐತೇನು?" ಎಂದು ಫಾರಂ ನೋಡಿಕೊಂಡು ಕೇಳಿದೆ.

"ಬರ್ಕಳ್ರಿ ಮೇಷ್ಟ್ರೇ. ಚೀಲ ಇಲ್ಲ. ಪರದೆ ಐತೆ. ಡ್ರಮ್ಮಿನಾಗೆ ಏನಿತ್ತೋ ಗೊತ್ತಿಲ್ಲ."

ನಾನು ತಲೆ ಎತ್ತದೆ ಬರೆದುಕೊಂಡೆ. ಪರದೆಯ ಮೇಲಿದ್ದವನು ಮಾತ್ರ ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದ.